ಊರ ಹೆಸರು ಹೇಳಬಾರದ ಮನೆ

ನಮ್ಮ ಮನೆಯ ನಾಯಿ ಉಂಡಿತು. ಎರಡು ಮುದ್ದೆ ಉಂಡು, ತಟ್ಟೆ ನೆಕ್ಕಿ, ಆಮೇಲೆ ಆ ತಟ್ಟೆಯನ್ನೇ ಕಚ್ಚಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟು ಮೂರನೆಯದಕ್ಕೆ ನಿಂತಿತು. ಬಸ್ಸಿಗೆ ಕಾದವರಿಗೆ, ಹಾಲಿಗೆ ಬಂದವರಿಗೆ, ಕೊಟ್ಟಿಗೆಯ ಎಮ್ಮೆಗೆ ಎಲ್ಲರಿಗೂ ಹೇಳಿ ಆಯಿತು. ಎಮ್ಮೆ ಒಂದೇ ಪೂರ್ತಿ ಕೇಳಿದ್ದು. ಉಳಿದವರು "ನಾಯಿ ಉಣ್ದೆ ಇನ್ನೇನ್ ಮಾಡ್ತೈತೆ" ಅಂದುಬಿಟ್ಟರು. ಅವರಿಗೇನು ಗೊತ್ತು. ಅದಕ್ಕೇ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮೊಮ್ಮಗಳ ನೋಟ್‌ಬುಕ್ಕು ಹಿಡಿದು ಕೂತಿದ್ದೇನೆ.

ನಾಯಿ ನನ್ನ ಮಗನದು. ಅವನು ಮಿಲಿಟರಿಯಲ್ಲಿ ನಾಯಿ ಪಳಗಿಸುವ ಕೆಲಸದಲ್ಲಿದ್ದ. ಅವನು ಹಗ್ಗ ಹಿಡಿದರೆ ಇದು ನೆಲ ಮೂಸಿ ಹೂತಿಟ್ಟ ಸಿಡಿಮದ್ದನ್ನು ಹುಡುಕುತ್ತಿತ್ತಂತೆ. ಹೋದ ವರ್ಷ ಗುಡ್ಡದ ರಸ್ತೆಯಲ್ಲಿ ಜೀಪು ಉರುಳಿ ಮಗ ಹೋದ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಒಟ್ಟಿಗೆ ಕೂತು ಉಣ್ಣಲಿಲ್ಲ. ಯಜಮಾನರದು ಜಗಲಿ, ನನ್ನದು ಒಲೆಯ ಮುಂದೆ, ಮೊಮ್ಮಗಳದು ಟಿವಿ ಎದುರು. ಸೊಸೆ ರೂಮಿನ ಬಾಗಿಲು ಹಾಕಿಕೊಂಡು ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ಮಗನ ಹೆಸರನ್ನಂತೂ ಯಾರೂ ಎತ್ತುತ್ತಿರಲಿಲ್ಲ. ನಾಯಿಗೆ ವಯಸ್ಸಾಗಿ ರಿಟೈರ್ ಮಾಡಿದರೆಂದು ತಿಳಿದಾಗ ಸೊಸೆ ಕಾಗದದ ಮೇಲೆ ಕಾಗದ ಬರೆದು ಅದನ್ನು ತರಿಸಿಕೊಂಡಳು.

"ಇದ್ರ ಹುದ್ದೆ ನಿಮ್ಮ ಹುಡುಗಂದಕ್ಕಿಂತ ದೊಡ್ಡದಿತ್ತಂತೆ" ಎಂದು ಯಾರೋ ಹೇಳಿದ್ದೇ ತಡ, ಯಜಮಾನರು ನಾಯಿಗೆ ಬಹುವಚನ ಹಚ್ಚಿದರು. "ಸಾಹೇಬ್ರೇ, ಬಿಸ್ಲೈತೆ, ನೆಳ್ಳಿಗೆ ಕುತ್ಕಳ್ರಿ." ಮದುವೆಯಾಗಿ ನಲವತ್ತು ವರ್ಷವಾಯಿತು, ನನ್ನನ್ನು ಒಂದು ದಿನ ನೆರಳಿಗೆ ಕರೆದವರಲ್ಲ.

ಆದರೆ ಸಾಹೇಬರು ಉಣ್ಣಲೊಲ್ಲರು. ತಟ್ಟೆ ಇಟ್ಟರೆ ಬಾಲ ಆಡಿಸುತ್ತಾ ಬಾಯಿ ಹಾಕುವುದು. ಎರಡು ತುತ್ತಾಗುವಷ್ಟರಲ್ಲಿ ಬಾಯಲ್ಲಿದ್ದುದನ್ನೂ ತಟ್ಟೆಗೆ ಉಗುಳಿ, ಎರಡು ಹೆಜ್ಜೆ ಹಿಂದೆ ಸರಿದು, ಎದೆ ಎತ್ತಿ ಕೂತುಬಿಡುವುದು. ಜೊಲ್ಲು ನೆಲ ಮುಟ್ಟಿದರೂ ಅಲ್ಲಾಡುತ್ತಿರಲಿಲ್ಲ. ಮುದ್ದೆ ಆಯಿತು, ರೊಟ್ಟಿ ಹಾಲು ಆಯಿತು, ಮೊಟ್ಟೆ ಆಯಿತು. "ಅದ್ಕೂ ದುಃಖ ಐತಮ್ಮ" ಎಂದು ಬಂದವರೆಲ್ಲ ಕಣ್ಣೊರೆಸಿಕೊಂಡರು. ಎದುರುಮನೆಯಾಕೆ ಮಾತ್ರ, "ಮಿಲಿಟ್ರಿಯಾಗೆ ಗಂಟೆ ಹೊಡೀತಾರೆ ಕಣಕ್ಕ, ಗಂಟೆ ಇಲ್ದೆ ಹೆಂಗ್ ಉಣ್ತೈತೆ" ಎಂದಳು. ಯಜಮಾನರು ದೇವರ ಮನೆಯ ಗಂಟೆ ತಂದು ಹೊತ್ತುಹೊತ್ತಿಗೆ ಬಾರಿಸಿದರು. ನಾಯಿ ಉಣ್ಣಲಿಲ್ಲ. ಓಣಿಯ ಮಕ್ಕಳು ಮಂಗಳಾರತಿಗೆಂದು ಬಂದು ಸಾಲಾಗಿ ಕೈಯೊಡ್ಡಿದವು, ಅವಕ್ಕೆ ಬೆಲ್ಲ ಹಂಚಿದ್ದಾಯಿತು.

ಜಗಳೂರಿನಿಂದ ದನದ ಡಾಕ್ಟರು ಬಂದು ನಾಯಿಯ ಪಕ್ಕೆ ಮುಟ್ಟಿ ನೋಡಿದರು. "ಹಿಂಗೇ ಆದ್ರೆ ಇದು ಉಳಿಯಲ್ಲ. ಭಾನುವಾರದ ತನ್ಕ ನೋಡ್ರಿ, ಆಗ್ಲಿಲ್ಲ ಅಂದ್ರೆ ಕೊಟ್ಟೋರಿಗೇ ವಾಪಸ್ ಕಳಿಸ್ರಿ. ಅಲ್ಲಾದ್ರೂ ಬದುಕ್ತೈತೆ" ಎಂದರು. ಬಾಗಿಲಲ್ಲಿ ನಿಂತು ಕೇಳಿದ ಸೊಸೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾಯಿ ಹೋದರೆ ಆ ಚಿಲಕ ಇನ್ನು ತೆರೆಯುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು.

ಭಾನುವಾರ ಬಂತು. ಮಧ್ಯಾಹ್ನ ಕೊನೆಯ ಸಲ ಎಂದುಕೊಂಡು ನಾನು ತಟ್ಟೆ ಇಟ್ಟೆ. ಪಕ್ಕದಲ್ಲೇ ಯಜಮಾನರು ಮಿಲಿಟರಿಯವರಿಗೆ ಫೋನು ಹಚ್ಚಿದರು. ಆ ಕಡೆಯವರಿಗೆ ಹಿಂದಿ ಬಿಟ್ಟು ಬೇರೇನೂ ಬಾರದು. ಇವರಿಗೆ ಮೊಮ್ಮಗಳು ಹೇಳಿಕೊಟ್ಟಷ್ಟೇ ಹಿಂದಿ.

"ಸಾಬ್, ಕುತ್ತಾ ವಾಪಸ್. ಗಾಡಿ ಭೇಜೋ." ನಾಯಿ ವಾಪಸ್, ಗಾಡಿ ಕಳಿಸಿ ಎಂದು. ಯಾವ ಊರಿಗೆ ಎಂದು ಕೇಳಿರಬೇಕು. "ಬಿಳಿಚೋಡು" ಎಂದರು. ನಾಯಿ ಬಾಯಲ್ಲಿದ್ದ ಮುದ್ದೆ ಉಗುಳಿತು.

"ಕೇಳಂಗಿಲ್ವೇನ್ರಿ? ಬಿಳಿ... ಚೋಡು." ಮತ್ತೆ ಬಾಯಿ ಹಾಕಿದ್ದ ನಾಯಿ ಮತ್ತೆ ಉಗುಳಿತು. "ಚೋಡು ರೀ, ಚೋಡು, ಚೋಡು." ನಾಯಿ ತಟ್ಟೆಯನ್ನೇ ಕಾಲಿನಿಂದ ಆಚೆ ತಳ್ಳಿ, ಇನ್ನು ಬಿಡುವುದಕ್ಕೆ ತನ್ನಲ್ಲಿ ಏನೂ ಇಲ್ಲ ಎನ್ನುವಂತೆ ನಮ್ಮ ಮುಖ ನೋಡಿತು.

ರೂಮಿನ ಚಿಲಕ ತೆಗೆದ ಸದ್ದಾಯಿತು. ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. "ಮಾವ, ಊರ ಹೆಸ್ರು ಇನ್ನೊಂದ್ ಸಲ ಹೇಳ್ರಿ."

"ನಿಂಗೂ ಮರ್ತೋತೇನವ್ವ? ಬಿಳಿಚೋಡು."

ಕೂತಿದ್ದ ನಾಯಿ ಇನ್ನೂ ಎರಡು ಹೆಜ್ಜೆ ಹಿಂದೆ ಸರಿಯಿತು. ಸೊಸೆ ಗೋಡೆಗೆ ಒರಗಿದವಳು ಹಾಗೇ ಜಾರಿ ನೆಲಕ್ಕೆ ಕೂತಳು. ತಲೆ ಸುತ್ತು ಬಂತೆಂದು ನಾನು ನೀರಿಗೆ ಓಡಿದೆ. ತಂದು ನೋಡಿದರೆ ನಗುತ್ತಿದ್ದಾಳೆ. ವರ್ಷವಾದ ಮೇಲೆ, ಹೊಟ್ಟೆ ಹಿಡಿದುಕೊಂಡು.

"ಅತ್ತಿ, ಹಿಂದಿಯಾಗೆ ಛೋಡೋ ಅಂದ್ರೆ ಬಿಡು ಅಂತ. ಬಾಯಾಗಿಂದು ಬಿಡಾಕೆ ಅವ್ರು ಇದ್ಕೆ ಅದನ್ನೇ ಕಲ್ಸಿದ್ರು. ಕ್ವಾರ್ಟ್ರಸ್ಸಿನಾಗೆ ನಾನೇ ನೋಡಿದೀನಿ."

ಯಜಮಾನರು ಕೈಯಲ್ಲಿದ್ದ ಫೋನು ನೋಡಿದರು. "ಇವ್ರೂ ಠೀಕ್ ಹೈ, ಛೋಡ್ ದಿಯಾ ಅಂದು ಇಟ್ಬಿಟ್ರು. ಹಂಗಂದ್ರೇನು?"

"ಸರಿ, ಬಿಟ್ವಿ ಅಂತ ಮಾವ."

ಗಾಡಿಯ ಸುದ್ದಿ ಅಲ್ಲಿಗೇ ಮುಗಿಯಿತು.

ನಮ್ಮ ಮನೆ ಬಸ್ ಸ್ಟಾಪಿಗೆ ಅಂಟಿಕೊಂಡಿದೆ. ನಾಯಿಗೆ ತಟ್ಟೆ ಇಡುವ ಹೊತ್ತಿಗೇ ಬಸ್ಸು ಬಂದು ಕಂಡಕ್ಟರು ಊರ ಹೆಸರು ಕೂಗುತ್ತಾನೆ. ಒಳಗೆ ನಾವೂ ಬಂದವರೊಂದಿಗೆ ದಿನವಿಡೀ ಅದೇ ಹೆಸರು ಆಡುತ್ತೇವೆ. ಪಾಪ, ಇಡೀ ಊರು ಸೇರಿ ಅದರ ತಟ್ಟೆಯ ಮೇಲೆ ಬಿಡು ಬಿಡು ಎಂದು ಕೂಗಿದ್ದೆವು.

ಆ ಕ್ಷಣದಿಂದ ಮನೆಯಲ್ಲಿ ಊರ ಹೆಸರು ಬಂದ್. "ಊರ ಹೆಸ್ರು ಹೇಳ್ದೆ ಬಾಳಾಕಾಗ್ತೈತೇನೇ?" ಎಂದು ಯಜಮಾನರು ಗೊಣಗಿದರು.

"ನಾನು ನಿಮ್ಮ ಹೆಸ್ರು ಹೇಳ್ದೆ ನಲವತ್ತು ವರ್ಷ ಬಾಳಿಲ್ವಾ? ಆಸ್ಪತ್ರೆಯಾಗೆ ಗಂಡನ ಹೆಸ್ರೇನು ಅಂತ ಕೇಳಿದ್ರೆ ಪಕ್ಕದೋಳಿಂದ ಹೇಳಿಸ್ತೀನಿ. ನೀವೇನ್ ಸವೆದ್ರಾ? ಹಂಗೇ ಊರಿಗೂ ಅವರು, ಇವರು ಅನ್ರಿ."

ಸಂಜೆಯ ಬಸ್ಸಿಗೆ ಮೊಮ್ಮಗಳೇ ಹೋಗಿ ಕಂಡಕ್ಟರಿಗೆ ಹೇಳಿದಳು. ಅವನು ನಕ್ಕು, "ನಾಯಿ ಮನೆ ಸ್ಟಾಪ್, ಇಳ್ಕಳ್ರಿ" ಎಂದು ಕೂಗಿದ. ಅದೆಲ್ಲಿಯ ಊರೋ ಎಂದು ಒಬ್ಬರು ಇಳಿಯದೆ ಕೂತೇ ಮುಂದೆ ಹೋದರು. ನಾಯಿ ಆಗಲೇ ಎರಡನೇ ಮುದ್ದೆಯಲ್ಲಿತ್ತು.

ಮೂರನೆಯದನ್ನು ಎಲ್ಲರ ಜೊತೆಗೇ ಹಾಕುತ್ತೇನೆ ಎಂದು ನಡುಮನೆಯಲ್ಲಿ ತಟ್ಟೆ ಇಟ್ಟೆ. ಯಾರನ್ನೂ ಕರೆಯಬೇಕಾಗಲಿಲ್ಲ. ಯಜಮಾನರು ಜಗಲಿಯಿಂದ ಬಂದರು, ಟಿವಿ ಆರಿತು, ಸೊಸೆ ನನ್ನ ಪಕ್ಕ ಕೂತಳು.

"ಅಜ್ಜಿ, ಮದ್ವೆಯಾಗೆ ಗಂಡನ ಹೆಸ್ರಿಗೆ ಒಡಪು ಹಾಕ್ತಾರಲ್ಲ, ಹಂಗೇ ಊರ ಹೆಸ್ರಿಗೂ ಒಂದು ಹಾಕು" ಎಂದು ಮೊಮ್ಮಗಳು ಕೆಣಕಿದಳು.

"ನಾಯಿ ಉಪವಾಸ ಬೀಳ್ತೈತೆ, ಸುಮ್ನಿರೇ" ಎಂದೆ.

"ನಾನ್ ಹಾಕ್ತೀನಿ" ಎಂದಳು ಸೊಸೆ. ಮುದ್ದೆ ಮುರಿಯುತ್ತಾ, ತಲೆ ಎತ್ತದೆ ಹೇಳಿದಳು:

"ಗುಡ್ಡದ ಮಳೆಗೆ ಕೆರೆಯೆಲ್ಲ ತುಂಬೈತೆ,
ಇಂಥವರ ನಾಯಿ ಇವತ್ತು ಮುದ್ದೆ ಉಂಡೈತೆ."

'ಇಂಥವರ' ಎಂದು ನಾನು ಬರೆದ ಕಡೆ ಅವಳು ನನ್ನ ಮಗನ ಹೆಸರನ್ನೇ ಹೇಳಿದಳು. ಯಜಮಾನರ ತುತ್ತು ಬಾಯ ಹತ್ತಿರ ನಿಂತಿತು. ನಾಯಿ ಕಿವಿ ನೆಟ್ಟಗೆ ಮಾಡಿ ಬಾಗಿಲ ಕಡೆ ನೋಡಿತು, ತುಸು ಹೊತ್ತು ನೋಡಿತು. ಆಮೇಲೆ ತಲೆ ತಗ್ಗಿಸಿ ತನ್ನ ತಟ್ಟೆಗೆ ಬಾಯಿ ಹಾಕಿತು.

"ಸಾಹೇಬ್ರಿಗೆ ಸಾರು ಹಾಕೇ" ಎಂದರು ಯಜಮಾನರು, ಮೂಗೊರೆಸಿಕೊಳ್ಳುತ್ತಾ.

"ನಂಗೂ ಅತ್ತಿ" ಎಂದು ಸೊಸೆ ತಟ್ಟೆ ಮುಂದೆ ಮಾಡಿದಳು. "ಇನ್ನೊಂದು ಮುದ್ದೆನೂ ಇರ್ಲಿ."