ಮೋರಿಗೆ ಚೆಲ್ಲಿದ ಯಮುನೆ

ಚಿನ್ನು, ಪುಟ್ಟಾ, ಹೋದ ಸಲ ನೀವು ಬಂದಿದ್ದಾಗ ಕೆಳಗಿನ ಮನೆಯವರ ಪೂಜೆಗೆ ನನ್ನ ಜೊತೆ ಬಂದಿರಿ. ಅಲ್ಲಿ ಅಂಗೈಗೆ ಹಾಕಿದ ತೀರ್ಥವನ್ನು ನಾನು ಕುಡಿಯದೆ, ಮೂಸಿ ನೋಡಿ, ತಲೆಗೆ ಸವರಿಕೊಂಡದ್ದನ್ನು ಕಂಡು ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿರಿ. ಮನೆಗೆ ಬಂದ ಮೇಲೆ, "ಅಜ್ಜಿ, ತೀರ್ಥ ಯಾಕೆ ಸ್ಮೆಲ್ ಮಾಡಿದ್ರಿ?" ಎಂದು ಕೇಳಿದಿರಿ. ಹಾಲು ಉಕ್ಕುತ್ತದೆ ಎಂದು ನಾನು ಒಲೆಯ ಕಡೆ ತಿರುಗಿಕೊಂಡೆ. ಹಾಲೇನೂ ಉಕ್ಕುತ್ತಿರಲಿಲ್ಲ. ಎದುರಿಗೆ ಕೂತು ಯಾರಾದರೂ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆ. ನಮ್ಮ ಹಳ್ಳಿಯ ಸ್ಕೂಲಿನಲ್ಲಿ ಓದಿದ್ದು ಸ್ವಲ್ಪ, ಆದರೆ ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ ಎಂಬ ಧೈರ್ಯವಿದೆ. ನಿಮಗೆ ಓದಲು ಕಷ್ಟವಾದರೆ ಅಮ್ಮ ಓದಿ ಹೇಳಲಿ. ಇದರಲ್ಲಿ ಅವಳೂ ಇದ್ದಾಳೆ.

ನನ್ನನ್ನು ಕೊಟ್ಟದ್ದು ಹೊಳೆಯ ದಡದ ಒಂದು ದೇವರ ಊರಿಗೆ. ನಿಮ್ಮ ತಾತನ ಊರು ಅದು. ಪುಣ್ಯವಂತೆ, ದಿನಾ ದೇವರ ಪ್ರಸಾದ ಸಿಗುತ್ತದೆ ಎಂದು ನಮ್ಮ ಹಳ್ಳಿಯ ಹೆಂಗಸರು ನನ್ನ ಕೆನ್ನೆ ಸವರಿ ಕಳಿಸಿದರು. ನಾನಲ್ಲಿ ನೋಡಿದ್ದು ಛತ್ರದ ಹಿತ್ತಲ ಬಾಗಿಲನ್ನು. ಸಂತರ್ಪಣೆ ಮುಗಿದೊಡನೆ ಎಂಜಲೆಲೆಗಳನ್ನು ಆ ಬಾಗಿಲಿನಿಂದ ಸೋಪಾನದ ಮೇಲೆ ಸುರಿಯುತ್ತಿದ್ದರು. ನಾಯಿ, ಹಸು, ಕೋತಿ ಎಳೆದಾಡಿ ಬಿಟ್ಟದ್ದು ಜಾರಿ ಹೊಳೆಗೆ ಬೀಳುತ್ತಿತ್ತು. ಹತ್ತು ಮೆಟ್ಟಿಲು ಕೆಳಗೆ ಯಾತ್ರಿಕರು ಅದೇ ನೀರಿನಲ್ಲಿ ಮೂರು ಸಲ ಮುಳುಗಿ, ಬೊಗಸೆಯಲ್ಲಿ ಎತ್ತಿ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು.

ಒಳಗೆ ಅಡುಗೆಮನೆಯಲ್ಲಿ ಅನ್ನವನ್ನು ಚಾಪೆಯ ಮೇಲೆ ಗುಡ್ಡದ ಹಾಗೆ ಸುರಿದಿರುತ್ತಿದ್ದರು. ಅದರ ಪಕ್ಕದಲ್ಲಿ ಅಡುಗೆಯವರು ಕುಕ್ಕರುಗಾಲಿನಲ್ಲಿ ಕೂತು ಹಂಡೆಯ ಪಾಯಸ ತಿರುವುತ್ತಿದ್ದರು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮೂಗನ್ನು ಮುಂಗೈಗೆ ಒರೆಸಿಕೊಂಡು ಅದೇ ಕೈಯಲ್ಲಿ ದ್ರಾಕ್ಷಿ ಉದುರಿಸುತ್ತಿದ್ದರು. ಅದೆಲ್ಲ ಮಡಿ. ಒಗೆದ ಸೀರೆ ಉಟ್ಟ ನಾನು ಅಪ್ಪಿತಪ್ಪಿ ಆ ಚಾಪೆಯ ಅಂಚು ತುಳಿದರೆ ಗುಡ್ಡದಷ್ಟೂ ಅನ್ನ ಮೈಲಿಗೆ. ರಾಮನವಮಿಯ ದಿನ ಕೊಪ್ಪರಿಗೆ ತುಂಬ ಪಾನಕ ಮಾಡುತ್ತಿದ್ದರು. ಬೆಲ್ಲಕ್ಕೆ ಮುತ್ತಿ ಬಿದ್ದ ನೊಣಗಳನ್ನು ಒಬ್ಬರು ಬೆರಳಿನಿಂದ ಎತ್ತಿ ಎತ್ತಿ ಒಗೆಯುತ್ತಿದ್ದರು, ಇನ್ನೊಬ್ಬರು ಲೋಟಕ್ಕೆ ತುಂಬುತ್ತಿದ್ದರು. ನಾನೂ ಕುಡಿದಿದ್ದೇನೆ. ಪ್ರಸಾದವನ್ನು ಬೇಡ ಎನ್ನುವ ಹಾಗಿರಲಿಲ್ಲ. ಏಲಕ್ಕಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತಿತ್ತು. ಈಗಲೂ ಬೇಸಿಗೆಯಲ್ಲಿ ಏಲಕ್ಕಿ ಕುಟ್ಟಿದರೆ ನನಗೆ ಅದು ನೆನಪಾಗಿ ಕಿಟಕಿ ತೆಗೆದಿಡುತ್ತೇನೆ.

ಅರವತ್ತರ ದಶಕದ ಕೊನೆಯಲ್ಲಿ ನಿಮ್ಮ ತಾತನಿಗೆ ಚೆಂಬೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಪೈಪು ರಿಪೇರಿಯ ಕೆಲಸ ಸಿಕ್ಕಿತು. ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಕಿಟಕಿ ತೆಗೆದರೆ ಗ್ಯಾಸಿನ ನಾತ. ಆದರೆ ಅಡುಗೆಮನೆಯ ಮೂಲೆಯ ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಕಟ್ಟೆಯಲ್ಲಿ, ಒಂದು ನಲ್ಲಿ ಇತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಮೊದಲನೆಯ ದಿನ ಅದನ್ನು ತಿರುಗಿಸಿ, ಕೈ ಅಡಿಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಯಾರೂ ಉಗುಳದ, ಯಾರೂ ಮುಳುಗದ ನೀರು. "ಟ್ಯಾಂಕು ಖಾಲಿ ಆಗತ್ತೆ ಕಣೇ, ನಿಲ್ಸು" ಎಂದು ನಿಮ್ಮ ತಾತ ಕೂಗಿದ ಮೇಲೆಯೇ ನಾನು ಅದನ್ನು ನಿಲ್ಲಿಸಿದ್ದು.

ಪ್ರತಿ ವರ್ಷ ಅನಂತನ ವ್ರತಕ್ಕೆ ನಾಲ್ಕು ದಿನ ಮುಂಚೆ ದೊಡ್ಡ ಮಾವನವರು ಬರುತ್ತಿದ್ದರು. ನಿಮ್ಮ ತಾತನ ದೊಡ್ಡಪ್ಪ. ತಂದೆ ಇಲ್ಲದ ಹುಡುಗನನ್ನು ಓದಿಸಿ ಮನುಷ್ಯನನ್ನಾಗಿ ಮಾಡಿದವರು ಅವರೇ. ಹಾಗಾಗಿ ನಿಮ್ಮ ತಾತ ಅವರ ಎದುರು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಅನಂತನ ವ್ರತ ಎಂದರೆ ಹದಿನಾಲ್ಕು ಗಂಟಿನ ಕೆಂಪು ದಾರ, ದರ್ಭೆಯ ಹಾವಿನ ಹೆಡೆ ಇಟ್ಟ ಕಲಶ, ಅತಿರಸ, ಹೋಳಿಗೆ, ಕೋಸಂಬರಿ. ಎಲ್ಲಕ್ಕಿಂತ ಮೊದಲು ಮನೆಯ ಮುತ್ತೈದೆ ಒಂದು ಕಲಶದಲ್ಲಿ ನೀರು ತುಂಬಿ ತಂದು ಯಮುನೆ ಎಂದು ಪೂಜಿಸಬೇಕು. ನಮ್ಮ ಮನೆಯಲ್ಲಿ ಆ ಮುತ್ತೈದೆ ನಾನು.

ದೊಡ್ಡ ಮಾವನವರಿಗೆ ನಲ್ಲಿಯ ನೀರು ಆಗದು. ನಲ್ಲಿಯ ಒಳಗೆ ತೊಗಲಿನ ಬಿಲ್ಲೆ ಇರುತ್ತದೆ, ತೊಗಲು ಸೋಕಿದ ನೀರು ದೇವರಿಗೆ ಬಾರದು ಎಂಬುದು ಅವರ ನಿಯಮ. ನಿಮ್ಮ ತಾತ ಒಂದು ವರ್ಷ ಸ್ಪ್ಯಾನರು ತಂದು ನಲ್ಲಿಯನ್ನೇ ಬಿಚ್ಚಿದರು.

"ನೋಡಿ ದೊಡ್ಡಪ್ಪ, ಇದು ರಬ್ಬರು. ಈಗೆಲ್ಲ ತೊಗಲು ಹಾಕಲ್ಲ."

ದೊಡ್ಡ ಮಾವನವರು ಅದನ್ನು ಮುಟ್ಟದೆ ಬಗ್ಗಿ ನೋಡಿದರು. "ನಿನ್ನ ಮನೇದು ರಬ್ಬರು ಸರಿ ಕಣೋ. ಪೈಪು ಅಲ್ಲಿಂದ ಇಲ್ಲೀವರೆಗೆ ಬರೋ ದಾರೀಲಿ ಎಷ್ಟು ನಲ್ಲಿ, ಎಷ್ಟು ತೊಗಲು ಇದೆಯೋ ನೀನು ಕಂಡಿದ್ದೀಯಾ?"

ಕಾರ್ಖಾನೆಯಲ್ಲಿ ದಿನವಿಡೀ ಪೈಪುಗಳ ಜೊತೆ ಇರುವ ನಿಮ್ಮ ತಾತ ನಲ್ಲಿಯನ್ನು ಮತ್ತೆ ಕೂರಿಸಿದರು. "ನಾಲ್ಕು ದಿನ ತಾನೆ, ಸುಮ್ನಿರು" ಎಂದು ನನಗೆ ಮೆಲ್ಲಗೆ ಹೇಳಿದರು. ಆ ನಾಲ್ಕು ದಿನವೂ ನಾನು ಬಿಲ್ಡಿಂಗಿನ ಹಿಂದಿನ ವಾಡಿಯಲ್ಲಿ, ಮರಾಠಿಯವರ ಕೇರಿಯಲ್ಲಿ, ಇದ್ದ ಹಳೆಯ ಮೆಟ್ಟಿಲ ಬಾವಿಯಿಂದ ಒದ್ದೆ ಸೀರೆಯಲ್ಲಿ ನೀರು ಹೊರಬೇಕು.

ನಿಮ್ಮ ಅಮ್ಮನಿಗೆ ಆರು ವರ್ಷವಾಗಿದ್ದಾಗ ಚೌತಿಯ ಸಮಯದಲ್ಲಿ ಮಳೆ ಬಿಡಲೇ ಇಲ್ಲ. ವಾಡಿಯವರು ಪ್ರತಿ ವರ್ಷ ತಮ್ಮ ಗಣಪತಿಗಳನ್ನು ದೂರದ ಕೆರೆಗೆ ಒಯ್ಯುತ್ತಿದ್ದರು. ಆ ವರ್ಷ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತದ್ದರಿಂದ ಒಂದೂವರೆ ದಿನದವು, ಐದು ದಿನದವು, ಏಳು ದಿನದವು, ಎಲ್ಲವನ್ನೂ ಅದೇ ಬಾವಿಗೆ ಬಿಟ್ಟರು. ಮಳೆಗೆ ರೈಲು ತಡವಾಗಿ ದೊಡ್ಡ ಮಾವನವರು ಆ ಸಲ ಅನಂತನ ವ್ರತದ ಹಿಂದಿನ ದಿನವಷ್ಟೇ ಬಂದರು. ಅಂದು ನಾನು ಕೊಡ ಹಿಡಿದು ಹೋದಾಗ ದೂರದಿಂದಲೇ ವಾಸನೆ ಬಂತು. ಕೊಳೆತ ಚೆಂಡು ಹೂವು, ದಾಸವಾಳ, ಲೋಳೆಯಾದ ಗರಿಕೆ ಮೇಲೆ ಹೆಪ್ಪುಗಟ್ಟಿದ್ದವು. ಬಣ್ಣ ಬಿಟ್ಟು ನೀರು ಗುಲಾಬಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ಉಬ್ಬಿದ ಮೋದಕಗಳು ತೇಲುತ್ತಿದ್ದವು. ಮೆಟ್ಟಿಲ ಸಂದಿಯಲ್ಲಿ ಅರ್ಧ ಕರಗಿದ ಒಂದು ಸೊಂಡಿಲು ಸಿಕ್ಕಿಕೊಂಡಿತ್ತು, ಅದರೊಳಗಿನ ತೆಂಗಿನ ನಾರು ಹೊರಗೆ ಬಂದಿತ್ತು. ಕೊಡದಿಂದ ಕಸ ಸರಿಸಿ ಒಂದಿಷ್ಟು ಎತ್ತಿದೆ. ಸಣ್ಣ ಹುಳುಗಳು ಮಡಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು.

ಬಾವಿಯ ಪಕ್ಕದ ಮನೆಯ ಮರಾಠಿ ಹೆಂಗಸು ಬಟ್ಟೆ ಹರವುತ್ತಿದ್ದವಳು ಓಡಿ ಬಂದಳು. ನಾನು ಅವಳನ್ನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. "ಅಗಬಾಈ! ಏ ಪಾನಿ ಕಾಯ್ ಕೂ ಲೇತಾ ಹೈ? ಹಮಾರಾ ಗಣಪತಿ ಹೈ ಉಸ್ಮೇ!" ಎಂದಳು. ಈ ನೀರು ಯಾಕೆ ಒಯ್ಯುತ್ತೀ, ನಮ್ಮ ಗಣಪತಿ ಇದೆ ಅದರಲ್ಲಿ ಎಂದು ಅವಳ ಮಾತು. ಪೂಜೆಗೆ ಎಂದೆ. ಅವಳು ನನ್ನ ಕೊಡದೊಳಗೆ ನೋಡಿ ಮುಖ ಕಿವುಚಿದಳು. "ಅರೇ, ಏ ಹಾಥ್ ಜೋಡ್ನೇ ಕಾ ಪಾನಿ ಹೈ, ಪೀನೇ ಕಾ ನಹೀ."

ನನಗೆ ಬೇಕಾಗಿದ್ದ ಮಾತು ಅದೇ. ಇದು ಕೈ ಮುಗಿಯುವ ನೀರು, ಕುಡಿಯುವ ನೀರಲ್ಲ ಎಂದು ದಾರಿಯುದ್ದಕ್ಕೂ ಕನ್ನಡದಲ್ಲಿ ಹೇಳಿಕೊಂಡು ಬಂದೆ. ಮನೆಯಲ್ಲಿ ಬಾಗಿಲ ಹಿಂದೆ ನಿಂತು ನನ್ನ ಬಾಯಿಂದ ಬಂದದ್ದು ಇಷ್ಟೇ: "ಬಾವಿ ನೀರು ಕೆಟ್ಟಿದೆ, ಮಾವಯ್ಯ. ಹುಳ ಇದೆ. ಮಗು ಇರೋ ಮನೆ."

"ಗಣಪತಿ ಇಳಿದ ನೀರು ಕೆಡತ್ತೇನಮ್ಮ?" ಎಂದರು ಅವರು, ದರ್ಭೆ ಸುತ್ತುತ್ತ. "ಬೊಂಬಾಯಿಗೆ ಬಂದು ನಾಲ್ಕು ವರ್ಷ ಆಗಲಿಲ್ಲ, ಯಮುನೆಗೇ ಸರ್ಟಿಫಿಕೇಟ್ ಕೇಳ್ತಾಳೆ ನೋಡೋ ನಿನ್ನ ಹೆಂಡತಿ!"

ನಿಮ್ಮ ತಾತ ನಕ್ಕಂತೆ ಮಾಡಿದರು. ದೊಡ್ಡ ಮಾವನವರು ತಮ್ಮ ಪಂಚೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿಕೊಟ್ಟರು. ಹುಳು ಪಂಚೆಯ ಮೇಲೆ ಉಳಿದವು, ಬಣ್ಣ ಕೆಳಗಿಳಿಯಿತು.

ಮಾರನೆಯ ದಿನ ವಡಾಲದಿಂದ, ಸಾಂತಾಕ್ರೂಜಿನಿಂದ ನಮ್ಮ ಊರಿನ ಕಡೆಯವರು ಬಂದರು. ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುದಿಸಿದ ಅಡುಗೆಯ ಬಗ್ಗೆ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಕೋಸಂಬರಿಗೆ ಹೆಸರುಬೇಳೆ ನೆನೆದದ್ದು ಆ ನೀರಿನಲ್ಲಿ, ಪಂಚಾಮೃತಕ್ಕೆ ಬೆರೆತದ್ದು ಆ ನೀರು, ಕಲಶದಲ್ಲಿದ್ದದ್ದೂ ಅದೇ. ಪೂಜೆ ಮುಗಿದ ಮೇಲೆ ದೊಡ್ಡ ಮಾವನವರು, ಅಕಾಲ ಮರಣವನ್ನು ತಪ್ಪಿಸುವ, ಎಲ್ಲ ರೋಗವನ್ನೂ ಕಳೆಯುವ ತೀರ್ಥವೆಂದು ಮಂತ್ರ ಹೇಳುತ್ತ ಒಬ್ಬೊಬ್ಬರಿಗೂ ಮೂರು ಮೂರು ಉದ್ಧರಣೆ ಹಾಕಿದರು. ನಿಮ್ಮ ಅಮ್ಮ ಹೊಸ ಲಂಗದಲ್ಲಿ ಪುಟ್ಟ ಅಂಗೈಯನ್ನು ಬಟ್ಟಲು ಮಾಡಿಕೊಂಡು ನಿಂತಿದ್ದಳು. ನಾನು ಎರಡು ಹೆಜ್ಜೆ ದೂರದಲ್ಲಿ ಹೋಳಿಗೆಯ ತಟ್ಟೆ ಹಿಡಿದಿದ್ದೆ. ಅವಳು ಕುಡಿದಳು, "ಇನ್ನೊಂದ್ಸಲ" ಎಂದಳು. ಎಲ್ಲರೂ ನಕ್ಕರು. ಜಾಣೆ ಎಂದು ಅವರು ಇನ್ನೊಂದು ಸಲ ಹಾಕಿದರು. ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಇದನ್ನು ಬರೆಯುವಾಗ ದೊಡ್ಡ ಮಾವನವರ ಮೇಲೆ ಬರುವಷ್ಟೇ ಹೇಸಿಗೆ ಆ ತಟ್ಟೆ ಹಿಡಿದ ನನ್ನ ಕೈಯ ಮೇಲೂ ಬರುತ್ತದೆ.

ಮರುದಿನ ಬೆಳಿಗ್ಗೆ ಅವಳಿಗೆ ವಾಂತಿ ಶುರುವಾಯಿತು, ಆಮೇಲೆ ಭೇದಿ. ಹನ್ನೊಂದು ಗಂಟೆಯ ಹೊತ್ತಿಗೆ ಕಣ್ಣು ಒಳಗೆ ಹೋಗಿ, ತುಟಿ ಒಣಗಿ, ಕತ್ತು ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಎತ್ತಿಕೊಂಡು ದವಾಖಾನೆಗೆ ಓಡಿದೆವು. ಡಾಕ್ಟರು ಸೂಜಿ ಚುಚ್ಚಿ, ಪುಡಿ ಕೊಟ್ಟು, "ಯಾವ ನೀರು ಕುಡಿದಿದ್ದಾಳೆ?" ಎಂದು ಕೇಳಿದರು. ನಾನು ನಿಮ್ಮ ತಾತನನ್ನು ನೋಡಿದೆ. ಅವರು ನೆಲ ನೋಡಿದರು. "ನಲ್ಲಿದೇ" ಎಂದರು. ಸಂಜೆಯೊಳಗೆ ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕು, ಕುದಿಸಿ ಆರಿಸಿದ ನೀರಲ್ಲದೆ ಬೇರೇನೂ ಬಾಯಿಗೆ ಹೋಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು.

ಮನೆಗೆ ಬಂದಾಗ ಕಲಶ ಇನ್ನೂ ಮಂಟಪದಲ್ಲೇ ಇತ್ತು. ಅದನ್ನು ಕದಲಿಸುವ ಪೂಜೆ ಆಗಿರಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ದೊಡ್ಡ ಮಾವನವರು ಕಲಶದಿಂದ ಒಂದು ಉದ್ಧರಣೆ ತುಂಬಿಕೊಂಡು ಬಂದರು. ಅವರಿಗೂ ಮಗುವಿನ ಮೇಲೆ ಆಸೆಯಿತ್ತು, ಅದನ್ನು ಸುಳ್ಳು ಹೇಳಲಾರೆ.

"ಮಡೀಲಿ ಏನೋ ಲೋಪ ಆಗಿದೆ. ಇದಕ್ಕಿಂತ ಔಷಧ ಬೇಕೇನಮ್ಮ? ಬಾಯಿ ತೆಗಿ ಕೂಸು" ಎಂದು ಉದ್ಧರಣೆಯನ್ನು ಅವಳ ತುಟಿಗೆ ತಂದರು.

ನಾನು ಅಂಗೈಯಿಂದ ಮಗುವಿನ ಬಾಯಿ ಮುಚ್ಚಿದೆ. ನೀರು ನನ್ನ ಕೈ ಮೇಲೆ ಚೆಲ್ಲಿತು. ಒಂದು ರಾತ್ರಿ ಕಳೆದಿದ್ದ ಆ ನೀರಿನ ನಾತ ಮೂಗಿಗೆ ಹೊಡೆಯಿತು.

"ಬೇಡ" ಎಂದೆ.

"ತೀರ್ಥ ಬೇಡ ಅಂತೀಯಾ?"

ಮಗುವನ್ನು ನಿಮ್ಮ ತಾತನ ಕೈಗೆ ಕೊಟ್ಟು ಎದ್ದೆ. ದರ್ಭೆಯ ಅನಂತನನ್ನು ಎತ್ತಿ ಮಣೆಯ ಮೇಲಿಟ್ಟು, ಯಮುನೆಯ ಕಲಶವನ್ನೂ ಅನಂತನ ಕಲಶವನ್ನೂ ತಂದು ಮೋರಿಗೆ ಸುರಿದೆ. ತಳದಲ್ಲಿ ಬಣ್ಣದ ಮಣ್ಣು ಕೂತಿತ್ತು. ಅದನ್ನು ಬೆರಳಿನಿಂದ ಕೆರೆದು ತೊಳೆದೆ. ದೊಡ್ಡ ಮಾವನವರು ಕಿರುಚಲಿಲ್ಲ. ಪಂಚಪಾತ್ರೆಯಲ್ಲಿ ಉಳಿದಿದ್ದ ನೀರನ್ನು ಎತ್ತಿ, ನನ್ನ ಮುಖವನ್ನೇ ನೋಡುತ್ತ, ಒಂದು ತೊಟ್ಟೂ ಬಿಡದೆ ಗಟಗಟ ಕುಡಿದರು. "ನನಗೇನಾಗತ್ತೋ ನೋಡು" ಎಂದರು.

ಅವರಿಗೆ ಏನೂ ಆಗಲಿಲ್ಲ. ಅದು ನಿಜ. ಮಾರನೆಯ ಬೆಳಿಗ್ಗೆ ಬಾಳೆಹಣ್ಣು ತಿಂದು, ನಮ್ಮ ಮನೆಯ ಬೇರೇನನ್ನೂ ಮುಟ್ಟದೆ ಊರಿನ ರೈಲು ಹತ್ತಿದರು. ನಿಮ್ಮ ಅಮ್ಮ ಎಂಟನೇ ದಿನ ಗೋಡೆ ಹಿಡಿದುಕೊಂಡು ಎದ್ದು ನಿಂತಳು. ವ್ರತದ ಪುಣ್ಯದಿಂದ ಮಗು ಉಳಿಯಿತು ಎಂದು ಊರಿನಲ್ಲಿ ಹೇಳಿದರಂತೆ. ಒಂದು ತಿಂಗಳಾದ ಮೇಲೆ ವಡಾಲದಿಂದ ಬಂದಿದ್ದವರ ಮನೆಯಾಕೆ ಸ್ಟೇಷನ್ನಿನಲ್ಲಿ ಸಿಕ್ಕಿದರು. ನನ್ನನ್ನು ಕಂಬದ ಹಿಂದೆ ಕರೆದು, "ನಮ್ಮನೇಲಿ ಐದು ಜನಕ್ಕೂ ಎರಡು ದಿನ ಹೊಟ್ಟೆ ಕೆಟ್ಟಿತ್ತು ರೀ. ಯಾರಿಗೂ ಹೇಳ್ಬೇಡಿ, ಪ್ರಸಾದಕ್ಕೆ ಕೆಟ್ಟ ಹೆಸರು ಬರತ್ತೆ" ಎಂದರು. ಒಂದೊಂದು ಮನೆಯವರೂ ಬಾಗಿಲು ಹಾಕಿಕೊಂಡು ಕಕ್ಕಿ, ಹೊರಗೆ ಬಂದು ಕೈ ಮುಗಿದಿದ್ದರು.

ಮುಂದಿನ ವರ್ಷ ಊರಿನಿಂದ ಯಾರೂ ಬರಲಿಲ್ಲ. ಅನಂತನ ವ್ರತದ ಹಿಂದಿನ ಸಂಜೆ ನಿಮ್ಮ ತಾತ ಕಾರ್ಖಾನೆಯಿಂದ ಬಂದು, ಕೇಳದೆಯೇ ನಲ್ಲಿಗೆ ಹೊಸ ವಾಷರ್ ಹಾಕಿದರು. ಬೆಳಿಗ್ಗೆ ನೀರು ಬಿಟ್ಟಾಗ ತಾವೇ ಕಲಶ ತೊಳೆದು ನನ್ನ ಕೈಗೆ ಕೊಟ್ಟು, "ಹಿಡ್ಕೋ" ಎಂದರು. ಡಾಕ್ಟರ ಎದುರು ಹೇಳಿದ ಸುಳ್ಳಿನ ಬಗ್ಗೆ ಅವರು ಎಂದೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಅವರು ಹೋದದ್ದು ಆರು ವರ್ಷದ ನಂತರ, ಕೆಲಸದ ಮೇಲೇ, ಎದೆನೋವಿನಿಂದ. ನನಗೆ ಆಗ ಇನ್ನೂ ನಲವತ್ತು ತುಂಬಿರಲಿಲ್ಲ. ಹದಿನೈದನೇ ದಿನ ಊರಿನಿಂದ ಒಂದು ಕಾರ್ಡು ಬಂತು. ಕವರಲ್ಲ, ಕಾರ್ಡು, ಪೋಸ್ಟಿನವನೂ ಬಿಲ್ಡಿಂಗಿನವರೂ ಓದಬಹುದಾದದ್ದು. ಅನಂತನನ್ನು ಮೋರಿಗೆ ಚೆಲ್ಲಿದವಳ ಮನೆಯಲ್ಲಿ ಇದಲ್ಲದೆ ಇನ್ನೇನಾದೀತು ಎಂದು ದೊಡ್ಡ ಮಾವನವರು ದುಂಡಗೆ, ಒಂದೂ ಚಿತ್ತಿಲ್ಲದೆ ಬರೆದಿದ್ದರು. ಅದನ್ನು ಸ್ನಾನದ ನೀರು ಕಾಯಿಸುವ ಬಂಬಿನ ಒಲೆಗೆ ಹಾಕಿದೆ. ಆದರೂ ಎಷ್ಟೋ ವರ್ಷ ನಲ್ಲಿ ತಿರುಗಿಸುವಾಗಲೆಲ್ಲ ಆ ಸಾಲು ಕಣ್ಣ ಮುಂದೆ ಬರುತ್ತಿತ್ತು. ಹೌದೇನೋ ಎಂದುಕೊಂಡ ದಿನಗಳೂ ಇವೆ. ಆಗೆಲ್ಲ ನಾನು ಸ್ಕೂಲಿನಿಂದ ಬರುವ ನಿಮ್ಮ ಅಮ್ಮನನ್ನು ಕಿಟಕಿಯಿಂದ ನೋಡುತ್ತ ನಿಲ್ಲುತ್ತಿದ್ದೆ.

ಅವಳಿಗೆ ಆ ದಿನದ ನೆನಪಿಲ್ಲ, ಹೊಸ ಲಂಗದ ನೆನಪು ಮಾತ್ರ ಇದೆ. ಮುಂದೆ ಯಾವುದೋ ಮದುವೆಯ ಮನೆಯಲ್ಲಿ ಊರಿನ ಕಡೆಯವರು ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮಜ್ಜಿ ಅನಂತನನ್ನು ಚೆಲ್ಲಿ ಗಂಡನನ್ನು ಕಳೆದುಕೊಂಡಳು ಎಂದು ಹೇಳುತ್ತಾರೆ. ಚೆಲ್ಲಿದ್ದು ನಿಜ ಎಂದು ಹೇಳಿ. ಅದರಲ್ಲಿ ಏನಿತ್ತು ಎಂಬುದು ಈ ಹಾಳೆಗಳಲ್ಲಿ ಮಾತ್ರ ಇದೆ, ಬೇರೆಲ್ಲೂ ಇಲ್ಲ. ಇವನ್ನು ದೇವರ ಗೂಡಿನಲ್ಲಿ ಇಡಬೇಡಿ, ಅಲ್ಲಿ ಎಣ್ಣೆಯ ಜಿಡ್ಡು ಹತ್ತುತ್ತದೆ. ನಿಮ್ಮ ಅಮ್ಮನ ಸ್ಕೂಲಿನ ಸರ್ಟಿಫಿಕೇಟುಗಳಿರುವ ಫೈಲಿನಲ್ಲಿ, ನೀರು ತಾಗದ ಕಡೆ, ಜೋಪಾನವಾಗಿ ಇಡಿ.