ಬಾಗಿಲ ಹೊರಗೇ ನಿಲ್ಲುವ ಆಯಾ

ಸ್ಪೇನಿನಿಂದ ಬಂದ ನಮ್ಮ ಅತ್ತೆಗೆ ಬರುವುದು ಸ್ಪ್ಯಾನಿಷ್ ಒಂದೇ. ಅವರನ್ನು ನೋಡಿಕೊಳ್ಳುವ ಆಯಾಗೆ ಆ ಭಾಷೆಯಲ್ಲಿ ಬರುವುದು ಕುಶಲ ವಿಚಾರಿಸುವುದೊಂದೇ. ಬೆಳಿಗ್ಗೆ ಏಳಕ್ಕೆ ಕಾಫಿ ಹಿಡಿದು ಮೆಟ್ಟಿಲು ಹತ್ತುತ್ತಾಳೆ, ಬಾಗಿಲ ಹೊರಗೇ ನಿಂತು ‘ಕೋಮೊ ಎಸ್ತಾ?’ ಅನ್ನುತ್ತಾಳೆ, ಅಂದರೆ ಹೇಗಿದ್ದೀರಿ ಅಂತ. ಉತ್ತರ ಬರುವವರೆಗೂ ಉಸಿರು ಬಿಡುವುದಿಲ್ಲ, ಚಿಲಕ ಮುಟ್ಟುವುದಿಲ್ಲ. ‘ಮುಯ್ ಬಿಯೆನ್’, ತುಂಬಾ ಚೆನ್ನಾಗಿದ್ದೇನೆ ಅಂದರೆ ಕಾಫಿ ಒಳಗೆ ಹೋಗುತ್ತದೆ. ‘ಮಾಸ್ ಓ ಮೆನೋಸ್’, ಏನೋ ಪರವಾಗಿಲ್ಲ ಅಂದರೆ ಕಾಫಿಗಿಂತ ಮೊದಲು ಬಿಪಿ ಮೆಷಿನ್ನು ಹೋಗುತ್ತದೆ. ಚೆನ್ನಾಗಿಲ್ಲ ಅನ್ನುವುದಕ್ಕೆ ‘ಮಾಲ್’ ಅನ್ನಬೇಕು. ನಾನು ಬರೆದುಕೊಟ್ಟ ಚೀಟಿಯಲ್ಲಿ ಆ ಸಾಲನ್ನು ಮಾತ್ರ ಕಾಣದ ಹಾಗೆ ಗೀಚಿ ಹಾಕಿದ್ದಾಳೆ. ಬಚ್ಚಲ ಹೊರಗೂ ಕೇಳುತ್ತಾಳೆ, ಅತ್ತೆ ಕುರ್ಚಿಯಲ್ಲಿ ತೂಕಡಿಸಿದರೂ ಎಬ್ಬಿಸಿ ಕೇಳುತ್ತಾಳೆ. ‘ಯಾಕೆ ಹೀಗೆ ಅವರ ಪ್ರಾಣ ತಿಂತೀಯ?’ ಅಂದೆ ಒಮ್ಮೆ. ‘ಹಿಂದಿನ ಮನೇಲಿ ಕೇಳದೆ ಬಾಗಿಲು ತೆಗೆದುಬಿಟ್ಟೆ ಅಕ್ಕ. ಒಳಗೆ ಅಜ್ಜಿ ಉಸಿರಾಡ್ತಿರಲಿಲ್ಲ. ಕಾಫಿ ನನ್ನ ಕೈಯಲ್ಲೇ ಆರಿಹೋಯ್ತು’ ಅಂದಳು. ಇದು ನನ್ನ ಗಂಡನಿಂದ ಅತ್ತೆಗೆ ತಿಳಿಯಿತು. ಅಂದಿನಿಂದ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಸಾಕು, ಕೇಳುವ ಮೊದಲೇ ಒಳಗಿನಿಂದ ‘ಮುಯ್ ಬಿಯೆನ್’ ಬರುತ್ತದೆ. ಇವತ್ತು ಎಂಟಾದರೂ ಚಪ್ಪಲಿ ಸದ್ದಿಲ್ಲ. ನಾನು ಹೋಗಿ ನೋಡಿದರೆ, ಮೂರು ತಿಂಗಳಿಂದ ಮೆಟ್ಟಿಲಿಳಿಯದ ಅತ್ತೆ ಕೆಳಗಿಳಿದು ಆಯಾಳ ಕೋಣೆಯ ಮುಚ್ಚಿದ ಬಾಗಿಲ ಹೊರಗೆ ಗೋಡೆ ಹಿಡಿದು ನಿಂತಿದ್ದರು. ಚಿಲಕ ಮುಟ್ಟಿರಲಿಲ್ಲ. ‘ಕೋಮೊ ಎಸ್ತಾ?’ ಅಂದರು. ಮತ್ತೆ ಅಂದರು. ಮೂರನೇ ಸಲಕ್ಕೆ ಒಳಗಿನಿಂದ ಜ್ವರದ ದನಿಯಲ್ಲಿ, ಚೀಟಿಯಲ್ಲಿ ಗೀಚಿ ಹಾಕಿದ್ದ ಮಾತು ಬಂತು: ‘ಮಾಲ್.’ ಅತ್ತೆ ಉಸಿರು ಬಿಟ್ಟರು, ಬಾಗಿಲು ತೆಗೆದರು.