ಮಗಳ ಮೂಗಿನ ನಿವಾಸಿಗಳು

ವೈದ್ಯಕೀಯ ಸಂಗತಿಯೊಂದನ್ನು ಬರೆಯಲು ಹೊರಟಿದ್ದೇನೆ. ನಾನು ಓದಿದ್ದು ವಾಣಿಜ್ಯ. ಹೇಳುವುದರಲ್ಲಿ ತಪ್ಪು ನುಸುಳಿದರೆ ಬಲ್ಲ ಓದುಗರು ಮನ್ನಿಸಿ, ತಿದ್ದಬೇಕು. (ಈ ವಾಕ್ಯವನ್ನೇ ಮೂರು ಸಲ ತಿದ್ದಿದ್ದೇನೆ.)

ಅಂಗನವಾಡಿಗೆ ಸೇರಿದಂದಿನಿಂದ ಮೂರು ವರ್ಷದ ನನ್ನ ಮಗಳ ಮೂಗು ಸೋರುತ್ತಲೇ ಇತ್ತು. ಹಟ ಹಿಡಿದು ಚಿಕ್ಕಮಗಳೂರಿನ ಲ್ಯಾಬೊಂದರಲ್ಲಿ ಮೂಗಿನ ಸ್ವಾಬ್ ಪರೀಕ್ಷೆ ಮಾಡಿಸಿದೆ. ರಿಪೋರ್ಟಿನಲ್ಲಿ ನ್ಯುಮೋನಿಯಾ ತರಬಲ್ಲ ಬ್ಯಾಕ್ಟೀರಿಯಾವೊಂದರ ಹೆಸರಿತ್ತು. ಮನೆಯ ಮೊದಲ ಪದವೀಧರೆಗೆ ಹೆದರಲು ಇನ್ನೇನು ಬೇಕು?

ಅಂಗನವಾಡಿ ಬಿಡಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕಳಸದ ಬಳಿಯ ಎಸ್ಟೇಟಿನಲ್ಲಿ ಕಾಫಿ ಕೊಯ್ದು ನನ್ನನ್ನು ಓದಿಸಿದ ಅಮ್ಮ ನಮ್ಮೊಂದಿಗೇ ಇದ್ದಾರೆ. ಮಗಳನ್ನು ಸಾಕುತ್ತಿರುವುದೂ ಅವರೇ.

"ಅಮ್ಮ, ಸ್ವಲ್ಪ ದಿನ ಮಗೂಗೆ ಮುತ್ತು ಕೊಡ್ಬೇಡ. ನಿನ್ ತಟ್ಟೇಲಿ ಉಣಿಸ್ಬೇಡ" ಎಂದೆ.

ಅಮ್ಮ ತಟ್ಟೆ ಕೆಳಗಿಟ್ಟರು. "ನನ್ನಿಂದ ಬಂತು ಅಂತ ಆ ಕಾಗ್ದದಲ್ಲಿ ಬರ್ದಿದ್ಯಾ?"

"ಹಾಗಲ್ಲ..."

"ನಿಂದೂ ಮೂಗು ಸೋರ್ತಿತ್ತು ಮಾರಾಯ್ತಿ. ಸೆರಗಲ್ಲಿ ಒರ್ಸಿ ಕೊಯ್ಲಿಗೆ ಹೋಗ್ತಿದ್ದೆ. ಓದಿದವ್ರು ಯಾರೂ ಇರ್ಲಿಲ್ಲ ಮನೇಲಿ, ಪುಣ್ಯಕ್ಕೆ."

ಅಂದಿನಿಂದ ಅಮ್ಮ ಜಗಲಿಯ ಆ ತುದಿಯಲ್ಲಿ ಕೂರತೊಡಗಿದರು. ಮಗಳು ಅವರ ಬಳಿಗೆ ಓಡಿ ಹೋದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಐದನೆಯ ದಿನ ಬಟ್ಟೆ ಮಡಿಸಿಟ್ಟುಕೊಂಡು, ಹೊರನಾಡಿನಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಿ ಅಲ್ಲೇ ಇರುತ್ತೇನೆ ಎಂದರು.

ಅದೇ ಬೆಳಿಗ್ಗೆ ಮಗಳನ್ನೆತ್ತಿಕೊಂಡು ಮೂಡಿಗೆರೆಯ ಮಕ್ಕಳ ವೈದ್ಯರ ಬಳಿ ಓಡಿದೆ. ದಾರಿಯುದ್ದಕ್ಕೂ ಸರಿಯಾದ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ತೋಟದ ಮಾತು. "ಮಳೆಗೆ ಮುಂಚೆ, ರೋಗ ಬರ್ದೇ ಇರ್ಲಿ ಅಂತ ಗಿಡಕ್ಕೆ ಬೋರ್ಡೋ ಔಷಧಿ ಹೊಡೀತೀವಲ್ಲ ಡಾಕ್ಟ್ರೇ, ಹಾಗೇ ಒಂದು ಆಂಟಿಬಯಾಟಿಕ್ ಕೊಟ್ಟುಬಿಡಿ."

"ಇವಳೇನು ಕಾಫಿ ಗಿಡವಾ?" ಎಂದ ವೈದ್ಯರು ಜ್ವರ, ಉಸಿರು, ಕಿವಿ, ಎದೆ ಎಲ್ಲವನ್ನೂ ಪರೀಕ್ಷಿಸಿದರು. ಮಗಳು ಅವರ ಸ್ಟೆತೋಸ್ಕೋಪ್ ಎಳೆಯುವುದರಲ್ಲಿ ಮಗ್ನಳಾಗಿದ್ದಳು.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಆರೋಗ್ಯವಾಗಿರುವ ಪುಟ್ಟ ಮಕ್ಕಳ ಮೂಗಿನಲ್ಲೂ ಇಂಥ ಬ್ಯಾಕ್ಟೀರಿಯಾ ನೆಲೆಸುವುದು ಸಾಮಾನ್ಯ. ನೆಲೆಸಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಮಗುವಿನ ದೇಹ ಅವನ್ನು ಗುರುತಿಸುತ್ತದೆ, ಪ್ರತಿಕಾಯಗಳನ್ನು ತಯಾರಿಸುತ್ತದೆ, ಬೆಳೆಯುತ್ತ ಬೆಳೆಯುತ್ತ ತಡೆಯುವುದನ್ನು ಕಲಿಯುತ್ತದೆ. ಕೆಲವೊಮ್ಮೆ ಅವು ಕಿವಿಗೋ ಶ್ವಾಸಕೋಶಕ್ಕೋ ಇಳಿದು ಕಾಡುವುದುಂಟು. ಆದ್ದರಿಂದಲೇ ಲಸಿಕೆ ತಪ್ಪಿಸಬಾರದು. ಜ್ವರ ಬಂದರೆ, ಉಸಿರಾಟ ವೇಗವಾದರೆ ತಡಮಾಡಬಾರದು. ಕಾಯಿಲೆಯೇ ಇಲ್ಲದಾಗ ಆಂಟಿಬಯಾಟಿಕ್ ಏಕೆ?

"ಅಜ್ಜಿಯಿಂದ ಬಂದಿರ್ಬೋದಾ ಡಾಕ್ಟ್ರೇ?"

"ಅಂಗನವಾಡಿ ಮಕ್ಕಳಿಂದ ಬಂದಿರ್ಬೋದು, ನಿಮ್ಮಿಂದ್ಲೂ ಬಂದಿರ್ಬೋದು. ನಿಮ್ಮ ಮೂಗು ಟೆಸ್ಟ್ ಮಾಡಿಸಿದ್ರಾ?"

ಮಾಡಿಸಿರಲಿಲ್ಲ. (ಹೊಳೆದಿರಲೂ ಇಲ್ಲ.) ರಿಪೋರ್ಟಿನಲ್ಲಿ ಇದ್ದದ್ದು ಬ್ಯಾಕ್ಟೀರಿಯಾದ ಹೆಸರು ಮಾತ್ರ. ಯಾರಿಂದ ಎಂಬುದನ್ನು ಸೇರಿಸಿದವಳು ನಾನು. ನಾನೂ ನನ್ನ ಗಂಡನೂ ಮನೆಯಲ್ಲಿರುವಾಗ, ಅನುಮಾನ ಕಾಫಿ ಕೊಯ್ದ ಕೈಗಳ ಮೇಲೇ ಏಕೆ ಹೋಯಿತು?

ಮನೆಗೆ ಬಂದವಳೇ ಮಗಳನ್ನು ಅಮ್ಮನ ತೊಡೆಯ ಮೇಲೆ ಕೂರಿಸಿದೆ.

"ಎಂತ ಅಂದ್ರು ಡಾಕ್ಟ್ರು?"

"ನನ್ ಮೂಗನ್ನೂ ನೋಡ್ಬೇಕಿತ್ತಂತೆ."

"ಸೋರೋದಾದ್ರೆ ಹೇಳು, ಸೆರಗಿದೆ" ಎಂದರು ಅಮ್ಮ.

ಅಮ್ಮ ಹೊರನಾಡಿಗೆ ಹೋಗಲಿಲ್ಲ. ಮಗಳು ಅಂಗನವಾಡಿಗೆ ಹೋಗುತ್ತಾಳೆ, ಅಜ್ಜಿಯ ತಟ್ಟೆಯಲ್ಲೇ ಉಣ್ಣುತ್ತಾಳೆ. ಆದರೆ ಈಗ ಮಗುವಿಗೆ ಮುತ್ತು ಕೊಡುವ ಮೊದಲು ಅಮ್ಮ ಒಮ್ಮೆ ನನ್ನ ಮುಖ ನೋಡುತ್ತಾರೆ.